ಮೊದಲು ಮುಟ್ಟಿ ನೋಡಿದರು, ಆಮೇಲೆ ಎಕ್ಸ್‌ರೇ: ಡೇವನ್‌ಪೋರ್ಟ್‌ನ ಒಂದು ಸಣ್ಣ ಕೈರೋಪ್ರಾಕ್ಟಿಕ್ ಕ್ಲಿನಿಕ್

ಜನವರಿಯಲ್ಲಿ ಮನೆ ಮುಂದೆ ಹಿಮ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು. ಸಲಿಕೆ ಕೈಯಲ್ಲೇ ಇತ್ತು, ನೆಟ್ಟಗೆ ನಿಲ್ಲಲು ಆಗಲಿಲ್ಲ. ನಾವಿರುವುದು ಅಮೆರಿಕದ ಅಯೋವಾ ರಾಜ್ಯದ ಬೆಟೆಂಡಾರ್ಫ್‌ನಲ್ಲಿ. ಮಿಸಿಸಿಪ್ಪಿ ನದಿ ದಾಟಿದರೆ ನಮ್ಮ ಯಜಮಾನರ ಟ್ರ್ಯಾಕ್ಟರ್ ಕಂಪನಿ ಇರುವ ಮೊಲೀನ್. ಈ ಕಡೆ ಪಕ್ಕದಲ್ಲೇ ಡೇವನ್‌ಪೋರ್ಟ್. ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆಯ ಮಣಿಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವ ಪದ್ಧತಿ, ಹುಟ್ಟಿದ್ದೇ ಆ ಊರಲ್ಲಿ. ಹಾಗಾಗಿ ಇಲ್ಲಿ ಸೊಂಟ ನೋವು ಅಂತ ಬಾಯಿ ಬಿಟ್ಟರೆ ಸಾಕು, ಪಕ್ಕದ ಮನೆಯವರು, ಆಫೀಸಿನವರು, ಮಕ್ಕಳ ಶಾಲೆಯ ಅಮ್ಮಂದಿರು ಎಲ್ಲರೂ ಒಬ್ಬೊಬ್ಬ ಕೈರೋಪ್ರಾಕ್ಟರ್ ಹೆಸರು ಹೇಳುತ್ತಾರೆ.

ನಾನು ಇಬ್ಬರ ಹತ್ತಿರ ಹೋದೆ. ಈ ರಿವ್ಯೂ ಎರಡನೆಯ ಕ್ಲಿನಿಕ್ ಬಗ್ಗೆ. ಆದರೆ ಮೊದಲನೆಯ ಕಡೆ ಏನಾಯಿತು ಅಂತ ಹೇಳದೆ ಎರಡನೆಯದು ಯಾಕೆ ಚೆನ್ನಾಗಿದೆ ಅಂತ ಹೇಳಲು ಆಗುವುದಿಲ್ಲ. ಎರಡರ ಹೆಸರನ್ನೂ ಹಾಕುತ್ತಿಲ್ಲ. ಮೊದಲನೆಯವರ ಹೆಸರು ಕೆಡಿಸುವುದು ನನಗೆ ಬೇಕಿಲ್ಲ. ಎರಡನೆಯ ಡಾಕ್ಟರು ಇರುವುದು ಒಬ್ಬರೇ, ವಾರಕ್ಕೆ ಮೂರೇ ದಿನ ನೋಡುತ್ತಾರೆ. ಹೆಸರು ಬರೆಯಬೇಡಿ ಅಂತ ಅವರೇ ಕೇಳಿಕೊಂಡರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮದುವೆಗೆ ಮೊದಲು ಹಾಸನದಲ್ಲಿ ಏಳು ವರ್ಷ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವಳು ನಾನು. ಡಾಕ್ಟರ್ ಅಲ್ಲ. ಆದರೆ ಬೆನ್ನುಮೂಳೆಯ ಫಿಲ್ಮ್ ಸರಿಯಾಗಿ ಬಂದಿದೆಯಾ ಇಲ್ವಾ ಅನ್ನುವುದು ನನಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೊದಲ ಕ್ಲಿನಿಕ್ಕಿನಲ್ಲಿ ನನ್ನನ್ನು ಎಚ್ಚರಿಸಿದ್ದು ಅದೇ.

ಅಲ್ಲಿ ಹೊಸ ಪೇಷೆಂಟ್‌ಗೆ ಆಫರ್ ಇತ್ತು. 49 ಡಾಲರ್‌ಗೆ ಕನ್ಸಲ್ಟೇಶನ್, ಜೊತೆಗೆ ಎಕ್ಸ್‌ರೇ. ಒಳಗೆ ಹೋಗಿ ಹತ್ತು ನಿಮಿಷಕ್ಕೆ ಎಕ್ಸ್‌ರೇ ರೂಮಿನಲ್ಲಿ ನಿಲ್ಲಿಸಿದರು. ಇನ್ನೂ ಯಾರೂ ನನ್ನ ಸೊಂಟ ಮುಟ್ಟಿ ನೋಡಿರಲಿಲ್ಲ. ಎಲ್ಲಿ ನೋವು ಅಂತ ಒಂದು ಗೊಂಬೆ ಚಿತ್ರದ ಮೇಲೆ ನಾನೇ ಗುರುತು ಹಾಕಿದ್ದೆ, ಅಷ್ಟೇ. ಗರ್ಭಿಣಿ ಇರಬಹುದಾ ಅನ್ನುವುದಕ್ಕೆ ಫಾರ್ಮ್‌ನಲ್ಲಿ ಒಂದು ಚೌಕ ಇತ್ತು, ಬಾಯಿಬಿಟ್ಟು ಯಾರೂ ಕೇಳಲಿಲ್ಲ. ಹಾಸನದಲ್ಲಿ ಆ ಪ್ರಶ್ನೆ ಕೇಳದೆ ನಾನು ಯಾವತ್ತೂ ಬಟನ್ ಒತ್ತಿದವಳಲ್ಲ. ಕತ್ತಿನಿಂದ ಸೊಂಟದವರೆಗೆ ಮುಂದಿನಿಂದ, ಪಕ್ಕದಿಂದ ಎಲ್ಲ ತೆಗೆದರು. ನೋವಿದ್ದದ್ದು ಸೊಂಟದಲ್ಲಿ ಮಾತ್ರ.

ಮಾರನೇ ದಿನ ದೊಡ್ಡ ಸ್ಕ್ರೀನ್ ಮೇಲೆ ತೋರಿಸಿದರು. ಹಸಿರು ಗೆರೆ ಒಂದು, ಕೆಂಪು ಗೆರೆ ಒಂದು. ಹಸಿರು ಅಂದರೆ ಬೆನ್ನು ಹೇಗಿರಬೇಕು ಅಂತ. ಕೆಂಪು ನನ್ನದು. ಕತ್ತಿನ ಬಾಗು ಹೋಗಿಬಿಟ್ಟಿದೆ, ಸೊಂಟದ ಮೂರನೇ ಮಣಿ ತಿರುಗಿಕೊಂಡಿದೆ, ಈಗಲೇ ಸರಿ ಮಾಡಿಸದಿದ್ದರೆ ಮುಂದೆ ಕಷ್ಟ ಅಂದರು. ಹನ್ನೆರಡು ವಾರ, 36 ಸಿಟ್ಟಿಂಗ್, 2,900 ಡಾಲರ್. ಮಧ್ಯದಲ್ಲಿ ಒಮ್ಮೆ, ಕೊನೆಗೆ ಒಮ್ಮೆ ಮತ್ತೆ ಎಕ್ಸ್‌ರೇ ತೆಗೆದು ಕೆಂಪು ಗೆರೆ ಹಸಿರಿನ ಹತ್ತಿರ ಬಂತಾ ಅಂತ ನೋಡುವುದು. ಇವತ್ತೇ ಸೈನ್ ಮಾಡಿದರೆ ರಿಯಾಯಿತಿ.

ನನಗೆ ಕಂಡದ್ದು ಬೇರೆ. ಹಾಸನದಲ್ಲಿ ನನಗೆ ಕೆಲಸ ಕಲಿಸಿದ ಹಿರಿಯರು ಒಂದು ಮಾತು ಹೇಳುತ್ತಿದ್ದರು: ಸೊಂಟದ ಫಿಲ್ಮ್ ನೋಡುವಾಗ ಗೂಬೆ ಮುಖ ಹುಡುಕು. ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಒಂದೊಂದು ಮಣಿಯೂ ಗೂಬೆ ಮುಖದ ಹಾಗೆ ಕಾಣುತ್ತದೆ. ಎರಡು ಪೆಡಿಕಲ್‌ಗಳು, ಅಂದರೆ ಮಣಿಯ ಹಿಂದೆ ಎಡಬಲಕ್ಕೆ ಇರುವ ಮೂಳೆಯ ಗಿಡ್ಡ ಕಂಬಗಳು, ಎರಡು ಕಣ್ಣು, ನಡುವೆ ಹಿಂದಿನ ಮುಳ್ಳಿನ ತುದಿ ಕೊಕ್ಕು. ಒಂದು ಕಣ್ಣು ಕಾಣದಿದ್ದರೆ ಹುಷಾರು, ಕ್ಯಾನ್ಸರ್ ಆ ಮೂಳೆಯನ್ನು ತಿಂದಿರಬಹುದು, ಕೂಡಲೇ ಡಾಕ್ಟರಿಗೆ ತೋರಿಸು. ಕೊಕ್ಕು ನಡುವೆ ಇಲ್ಲದೆ ಎಲ್ಲ ಮಣಿಗಳಲ್ಲೂ ಒಂದೇ ಕಡೆಗೆ ಸರಿದಿದ್ದರೆ, ಪೇಷೆಂಟ್ ಸರಿಯಾಗಿ ನಿಂತಿಲ್ಲ ಅಂತ ಅರ್ಥ. ಮತ್ತೆ ನಿಲ್ಲಿಸಿ ತೆಗಿ.

ನನ್ನ ಫಿಲ್ಮಿನಲ್ಲಿ ಎಲ್ಲ ಗೂಬೆಗಳ ಕೊಕ್ಕೂ ಎಡಕ್ಕೆ ಸರಿದಿತ್ತು. ಒಂದು ಮಣಿ ತಿರುಗಿದ್ದಲ್ಲ, ನಾನೇ ತಿರುಗಿ ನಿಂತಿದ್ದೆ. ನೋವಿಗೆ ಸೊಂಟ ಒಂದು ಕಡೆ ಎಳೆದುಕೊಂಡಿತ್ತು, ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ ಅಲ್ವಾ? ಕತ್ತಿನ ಬಾಗಿನ ಕಥೆಯೂ ಹಾಗೇ. ಗಲ್ಲ ಸ್ವಲ್ಪ ಕೆಳಗೆ ಮಾಡಿ ನಿಂತರೆ ಕತ್ತು ನೆಟ್ಟಗೆ ಕಾಣುತ್ತದೆ, ಗಲ್ಲ ಎತ್ತಿದರೆ ಬಾಗು ಬರುತ್ತದೆ. ಯಾವ ನೋವೂ ಇಲ್ಲದ ಎಷ್ಟೋ ಜನರ ಕತ್ತೂ ನೆಟ್ಟಗೇ ಇರುತ್ತದೆ. ಹನ್ನೆರಡು ವಾರ ಆದ ಮೇಲೆ ತೆಗೆಯುವ ಫಿಲ್ಮಿನಲ್ಲಿ ಗಲ್ಲ ಎಲ್ಲಿತ್ತು ಅನ್ನುವುದರ ಮೇಲೇ ಗೆರೆ ಹತ್ತಿರವೂ ಬರಬಹುದು, ದೂರವೂ ಹೋಗಬಹುದು.

ಸೈನ್ ಮಾಡಲಿಲ್ಲ. ಸಿ.ಡಿ. ಕೊಡಿ ಅಂತ ಕೇಳಿ ತೆಗೆದುಕೊಂಡು ಬಂದೆ. ನೀವೂ ಎಲ್ಲೇ ಎಕ್ಸ್‌ರೇ ತೆಗೆಸಿದರೂ ಸಿ.ಡಿ. ಕೇಳಿ ತನ್ನಿ. ಕೇಳುವ ಹಕ್ಕು ನಿಮಗಿದೆ.

ಈಗ ಎರಡನೆಯ ಕ್ಲಿನಿಕ್. ಡೇವನ್‌ಪೋರ್ಟ್‌ನಲ್ಲಿ ನದಿಯಿಂದ ಮೇಲೆ ಹತ್ತುವ ಗುಡ್ಡದ ಬೀದಿಯಲ್ಲಿ, ಒಂದು ಹಳೇ ಮನೆಯ ಕೆಳ ಅಂತಸ್ತು. ಪಾರ್ಕಿಂಗ್ ತುಂಬಾ ಕಷ್ಟ. ಚಳಿಗಾಲದಲ್ಲಿ ಇಳಿಜಾರಿನಲ್ಲಿ ಐಸ್ ಇರುತ್ತದೆ, ಸೊಂಟ ನೋವಿರುವವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಡಾಕ್ಟರು ಐವತ್ತು ದಾಟಿದ ಹೆಂಗಸು. ಅವರ ಡಿಗ್ರಿ ಡಿ.ಸಿ., ಅಂದರೆ ಕೈರೋಪ್ರಾಕ್ಟಿಕ್ ಡಾಕ್ಟರ್. ನಮ್ಮ ಎಂ.ಬಿ.ಬಿ.ಎಸ್. ಥರ ಅಲ್ಲ. ಅದನ್ನು ಅವರೇ ಮೊದಲ ದಿನ ಹೇಳಿದರು.

ಸಿ.ಡಿ. ಕೊಡಲು ಹೋದೆ. "ಅದು ಆಮೇಲೆ" ಅಂತ ಟೇಬಲ್ ಮೇಲೆ ಇಟ್ಟುಬಿಟ್ಟರು. ನಲವತ್ತು ನಿಮಿಷ ನನ್ನನ್ನೇ ನೋಡಿದರು. ಜ್ವರ ಇತ್ತಾ, ತೂಕ ಸುಮ್ನೆ ಇಳಿದಿದೆಯಾ, ಮೂತ್ರ ಹಿಡಿದುಕೊಳ್ಳಲು ಕಷ್ಟ ಆಗಿದೆಯಾ, ಯಾವತ್ತಾದರೂ ಕ್ಯಾನ್ಸರ್ ಆಗಿತ್ತಾ, ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೀರಾ, ಬಿದ್ದಿದ್ದೀರಾ. ಒಂದೊಂದೇ ಕೇಳಿದರು. ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಮಲಗಿಸಿ ಕಾಲು ನೆಟ್ಟಗೆ ಎತ್ತಿ ಎಲ್ಲಿಗೆ ನೋವು ಬರುತ್ತದೆ ಅಂತ ನೋಡಿದರು. ಮಂಡಿಗೆ, ಹಿಮ್ಮಡಿಗೆ ಸುತ್ತಿಗೆಯಲ್ಲಿ ತಟ್ಟಿದರು. ಪಾದದ ಮೇಲೆ ಹತ್ತಿ ಆಡಿಸಿ ಎರಡೂ ಕಡೆ ಒಂದೇ ಥರ ಗೊತ್ತಾಗುತ್ತಾ ಅಂತ ಕೇಳಿದರು.

ಎಲ್ಲ ಮುಗಿದ ಮೇಲೆ ಹೇಳಿದ್ದು ಇಷ್ಟು: "ನಿಮಗೆ ಎಕ್ಸ್‌ರೇ ಬೇಕಾಗಿರಲಿಲ್ಲ. ನಾನಾಗಿದ್ದರೆ ತೆಗೆಯುತ್ತಿರಲಿಲ್ಲ. ತೆಗೆದಾಗಿದೆ, ನೋಡೋಣ."

ಎಕ್ಸ್‌ರೇ ತೆಗೆಯುತ್ತಿರಲಿಲ್ಲ ಅಂತ ಒಬ್ಬ ಕೈರೋಪ್ರಾಕ್ಟರ್ ಬಾಯಲ್ಲಿ ಕೇಳಿ ನನಗೆ ಆಶ್ಚರ್ಯ ಆಯಿತು. ಅವರು ಬಿಡಿಸಿ ಹೇಳಿದರು. ಇದೇ ಊರಲ್ಲಿ 1895ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಅನ್ನುವವರು ಹಾರ್ವಿ ಲಿಲ್ಲಾರ್ಡ್ ಅನ್ನುವ, ಕಿವಿ ಮಂದವಾಗಿದ್ದ ಕೆಲಸಗಾರನ ಬೆನ್ನಿನ ಮಣಿ ಒತ್ತಿದರು. ಕೈರೋಪ್ರಾಕ್ಟಿಕ್ ಶುರುವಾದದ್ದು ಅಲ್ಲಿಂದ. ಅದೇ ವರ್ಷ ನವೆಂಬರ್‌ನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ರಾಂಟ್ಜೆನ್ ಅನ್ನುವ ವಿಜ್ಞಾನಿ ಎಕ್ಸ್‌ರೇ ಕಂಡುಹಿಡಿದರು. ಎರಡಕ್ಕೂ ಎರಡೇ ತಿಂಗಳ ಅಂತರ. ಏಳು ವರ್ಷ ಆ ಮೆಷಿನ್ ಜೊತೆ ಕಳೆದ ನನಗೆ ಇದು ಗೊತ್ತೇ ಇರಲಿಲ್ಲ. 1910ರಲ್ಲಿ ಪಾಮರ್ ಅವರ ಮಗ ಬಿ. ಜೆ. ಪಾಮರ್ ತಮ್ಮ ಕೈರೋಪ್ರಾಕ್ಟಿಕ್ ಕಾಲೇಜಿಗೆ ಎಕ್ಸ್‌ರೇ ತಂದರು, ಅದಕ್ಕೆ ಸ್ಪೈನೋಗ್ರಾಫ್ ಅಂತ ಹೆಸರಿಟ್ಟರು. ಜಾಗ ತಪ್ಪಿದ ಮೂಳೆ ಕಣ್ಣಿಗೆ ಕಾಣುತ್ತದೆ, ಅಳೆದು ಒತ್ತಬಹುದು ಅನ್ನುವುದು ಅವರ ನಂಬಿಕೆ. ಗೆರೆ ಎಳೆದು ಡಿಗ್ರಿ, ಮಿಲಿಮೀಟರ್ ಲೆಕ್ಕ ಹಾಕುವ ಹಲವು ಪದ್ಧತಿಗಳು ಅಲ್ಲಿಂದ ಬೆಳೆದವು. ಈಗಲೂ ಎಷ್ಟೋ ಕ್ಲಿನಿಕ್ಕುಗಳು ಅದನ್ನೇ ಮಾಡುತ್ತವೆ.

"ಆದರೆ ನಮ್ಮವರೇ ಬೇಡ ಅಂದಿದ್ದಾರೆ" ಅಂದರು. 2017ರಲ್ಲಿ ಅಮೆರಿಕನ್ ಕೈರೋಪ್ರಾಕ್ಟಿಕ್ ಅಸೋಸಿಯೇಶನ್ ತನ್ನ ಡಾಕ್ಟರುಗಳಿಗೆ ಒಂದು ಪಟ್ಟಿ ಕೊಟ್ಟಿತು. ಅದರ ಮೊದಲ ಮಾತೇ, ಅಪಾಯದ ಗುರುತುಗಳು ಇಲ್ಲದಿದ್ದರೆ ಸೊಂಟ ಹಿಡಿದ ಮೊದಲ ಆರು ವಾರ ಎಕ್ಸ್‌ರೇ ಆಗಲಿ ಸ್ಕ್ಯಾನ್ ಆಗಲಿ ಬೇಡ ಅಂತ. ಎರಡನೆಯದು, ಸುಧಾರಿಸಿದೆಯಾ ಅಂತ ನೋಡಲು ಮತ್ತೆ ಮತ್ತೆ ತೆಗೆಯಬೇಡಿ ಅಂತ. ನನಗೆ ಜ್ವರ, ನಿಶ್ಶಕ್ತಿ, ಕ್ಯಾನ್ಸರ್ ಥರದ್ದು ಏನೂ ಇಲ್ಲ ಅಂತ ಅವರು ಮುಟ್ಟಿ, ಕೇಳಿ ತಿಳಿದುಕೊಂಡಿದ್ದರು. ನೋವು ಶುರುವಾಗಿ ಒಂಬತ್ತು ದಿನ ಆಗಿತ್ತು ಅಷ್ಟೇ.

ರೇಡಿಯೇಶನ್ ಬಗ್ಗೆ ಜನ ಒಂದೋ ತುಂಬಾ ಹೆದರುತ್ತಾರೆ, ಇಲ್ಲ ಏನೂ ಅಲ್ಲ ಅನ್ನುತ್ತಾರೆ. ನನ್ನ ಕೆಲಸದ ಲೆಕ್ಕ ಹೇಳುತ್ತೇನೆ. ಎದೆಯ ಎಕ್ಸ್‌ರೇ ಒಂದಕ್ಕೆ ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಾಗುವ ರೇಡಿಯೇಶನ್‌ನ ಅಳತೆ). ಸೊಂಟದ್ದು ಸುಮಾರು 1.5. ಅಂದರೆ ಹದಿನೈದು ಎದೆ ಎಕ್ಸ್‌ರೇಗೆ ಸಮ. ನೆಲ, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸುಮಾರು 3 ಬರುತ್ತದೆ. ಹಾಗಾಗಿ ಬೇಕಾದಾಗ ಒಂದು ಸೊಂಟದ ಎಕ್ಸ್‌ರೇಗೆ ಹೆದರಬೇಕಾಗಿಲ್ಲ. ಆದರೆ ಹನ್ನೆರಡು ವಾರದಲ್ಲಿ ಮೂರು ಸಲ ಕತ್ತಿನಿಂದ ಸೊಂಟದವರೆಗೆ ಯಾಕೆ? ಸೊಂಟದ ಎಕ್ಸ್‌ರೇ ಬೀಳುವ ಜಾಗದಲ್ಲೇ ಹೆಂಗಸರ ಅಂಡಾಶಯ ಇದೆ. ಮಕ್ಕಳು ಬೇಕು ಅನ್ನುವ ವಯಸ್ಸಿನ ಹುಡುಗಿಯರು ಇದನ್ನು ಕೇಳಲೇಬೇಕು.

ಸಿ.ಡಿ. ಹಾಕಿದ ಮೇಲೆ ಡಾಕ್ಟರು ಯಾವ ಗೆರೆಯನ್ನೂ ಎಳೆಯಲಿಲ್ಲ. ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಮಣಿಗಳನ್ನು ಎಣಿಸಿದರು. ಕೊನೆಯ ಮಣಿಯ ಹತ್ತಿರ ನಿಂತು ಜೂಮ್ ಮಾಡಿದರು. ಅದರ ಎಡಗಡೆಯ ರೆಕ್ಕೆ ದಪ್ಪವಾಗಿ ಬೆಳೆದು ಕೆಳಗಿನ ತ್ರಿಕೋನದ ಮೂಳೆಗೆ ಅಂಟಿಕೊಂಡಿತ್ತು. ಹುಟ್ಟಿನಿಂದ ಬಂದದ್ದು, ಎಷ್ಟೋ ಜನರಿಗೆ ಇರುತ್ತದೆ, ರೋಗ ಅಲ್ಲ. ಆದರೆ ಆ ಕಡೆ ಆ ಜಾಗ ಅಲ್ಲಾಡುವುದಿಲ್ಲ. ಅಲ್ಲಿ ಜೋರಾಗಿ ಒತ್ತಿ ಪ್ರಯೋಜನ ಇಲ್ಲ. ಮಣಿ ಎಣಿಸುವಾಗಲೂ ತಪ್ಪಾಗಬಹುದು. ಕೆಂಪು ಹಸಿರು ಗೆರೆ ಎಳೆದವರು ಇದನ್ನು ಹೇಳಿರಲೇ ಇಲ್ಲ. ನಿಜ ಹೇಳಬೇಕೆಂದರೆ ನಾನೂ ಗಮನಿಸಿರಲಿಲ್ಲ, ಗೂಬೆ ಮುಖದ ಮೇಲೇ ನನ್ನ ಕಣ್ಣಿತ್ತು. ಎರಡು ತೊಡೆಮೂಳೆಯ ತಲೆಗಳ ಎತ್ತರದಲ್ಲಿ ನಾಲ್ಕು ಮಿಲಿಮೀಟರ್ ಹೆಚ್ಚುಕಮ್ಮಿ ಇತ್ತು. ಅದಕ್ಕೆ, "ಇಷ್ಟು ಎಲ್ಲರಿಗೂ ಇರುತ್ತೆ, ಚಪ್ಪಲಿಯಲ್ಲಿ ಏನೂ ಹಾಕಿಸಬೇಡಿ" ಅಂದರು.

ಚಿಕಿತ್ಸೆ ಮಾಡಿದ್ದು ಇದನ್ನೆಲ್ಲ ಇಟ್ಟುಕೊಂಡು. ಪಕ್ಕಕ್ಕೆ ಮಲಗಿಸಿ, ಆ ಅಂಟಿದ ಜಾಗದ ಮೇಲಿನ ಮಣಿಗಳಿಗೆ ಮಾತ್ರ, ಹಗುರವಾಗಿ. ಲಟಕ್ ಅಂತ ಶಬ್ದ ಬಂತು. ಮೂಳೆ ಜಾಗಕ್ಕೆ ಬಂದ ಸದ್ದು ಅದಲ್ಲ, ಕೀಲಿನ ಒಳಗಿನ ಗಾಳಿಗುಳ್ಳೆ ಅಂತ ಅವರೇ ಹೇಳಿದರು. ಕತ್ತಿಗೆ ಕೈ ಹಾಕುವ ಮೊದಲು ಕೇಳಿದರು. ಬೇಡ ಅಂದೆ. ಕತ್ತು ತಿರುಗಿಸಿ ಒತ್ತಿದಾಗ ತುಂಬಾ ಅಪರೂಪಕ್ಕೆ ರಕ್ತನಾಳ ಸೀಳಿ ಸ್ಟ್ರೋಕ್ ಆದದ್ದಿದೆ ಅಂತ ಕೇಳಿದ್ದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಕತ್ತಿನ ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಆ ಅಪಾಯ ಇಲ್ಲ ಅಂತ ಹೇಳಲು ಆಗುವುದಿಲ್ಲ. ಅವರು ಒಪ್ಪಿಕೊಂಡರು, ಒತ್ತಾಯ ಮಾಡಲಿಲ್ಲ.

ಆರು ಸಿಟ್ಟಿಂಗ್, ಒಂದೊಂದಕ್ಕೆ 55 ಡಾಲರ್. ಜೊತೆಗೆ ಮನೆಯಲ್ಲಿ ಮಾಡಲು ನಾಲ್ಕು ವ್ಯಾಯಾಮ. ಈ ಥರದ ಸೊಂಟ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತದೆ, ಎಲ್ಲ ನನ್ನ ಕೈಗುಣ ಅಂದುಕೊಳ್ಳಬೇಡಿ ಅಂತಲೂ ಹೇಳಿದರು. ಫೆಬ್ರವರಿ ಕೊನೆಗೆ ನಾನು ಮಗನನ್ನು ಎತ್ತಿಕೊಳ್ಳುವ ಹಾಗಾದೆ.

ಕೊರತೆಗಳೂ ಇವೆ. ವ್ಯಾಯಾಮದ ಹಾಳೆ ಜೆರಾಕ್ಸ್‌ನ ಜೆರಾಕ್ಸ್, ಚಿತ್ರಗಳು ಅರ್ಧ ಅಳಿಸಿಹೋಗಿವೆ. ನಮ್ಮ ಇನ್ಶೂರೆನ್ಸ್ ತಗೊಳ್ಳುವುದಿಲ್ಲ. ಫೋನ್ ಎತ್ತುವುದು ಕಮ್ಮಿ. ಹೇಳಿದ ಟೈಮಿಗಿಂತ ಅರ್ಧ ಗಂಟೆ ಕಾಯಬೇಕು. ಒಬ್ಬೊಬ್ಬರಿಗೆ ಅಷ್ಟು ಹೊತ್ತು ಕೊಡುವವರಿಗೆ ತಡ ಆಗಿಯೇ ಆಗುತ್ತದೆ ಅಂತ ನನಗೆ ಅನಿಸುತ್ತದೆ.

ನಾನು ಈ ರಿವ್ಯೂ ಬರೆಯಲು ಕೂತದ್ದು ಮಾತ್ರ ಅಮ್ಮನಿಗಾಗಿ.

ಅಮ್ಮ ಜೂನ್‌ನಲ್ಲಿ ಬಂದರು, 71 ವರ್ಷ. ಬಂದ ಎರಡನೇ ವಾರ ಸೂಟ್‌ಕೇಸ್ ಮಂಚದ ಮೇಲಕ್ಕೆ ಎತ್ತಲು ಹೋಗಿ ಬೆನ್ನಿನ ನಡುವೆ ಚುರುಕ್ ಅಂತು. ಪಕ್ಕೆ ಸುತ್ತ ಪಟ್ಟಿ ಬಿಗಿದ ಹಾಗೆ ನೋವು. "ಉಳುಕಿರಬೇಕು ಕಣೇ, ನಿನ್ ಮೂಳೆ ಡಾಕ್ಟ್ರ ಹತ್ರ ಲಟಕ್ ಅನ್ಸು" ಅಂದರು. ಅವರಿಗೆ ಇದೆಲ್ಲ ಹೊಸದೇನಲ್ಲ. ಊರಲ್ಲಿ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರನ್ನು ಕರೆದು ಕಾಲಲ್ಲಿ ಮುಟ್ಟಿಸುತ್ತಿದ್ದರು. ಮಾವ ಕೈ ಮುರಿದುಕೊಂಡಾಗ ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದಿದ್ದರು. ಫೋನಿನಲ್ಲಿ ಬೆನ್ನು ಲಟಕಿಸುವ ವಿಡಿಯೋಗಳನ್ನು ಎಷ್ಟು ನೋಡಿದ್ದರೋ.

ಡಾಕ್ಟರು ಅವರಿಗೂ ಅದೇ ಪ್ರಶ್ನೆಗಳನ್ನು ಕೇಳಿದರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸ್ಟೀರಾಯ್ಡ್ ಅಂದಾಗ ಅಮ್ಮ ಇಲ್ಲ ಅಂದರು. ನನಗೆ ತಟ್ಟನೆ ನೆನಪಾಯಿತು, ಉಬ್ಬಸಕ್ಕೆ ವರ್ಷಗಟ್ಟಲೆ ತಗೊಂಡ ಬಿಳಿ ಮಾತ್ರೆ. ಅದು ಸ್ಟೀರಾಯ್ಡ್ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಹಳೇ ಮಾತ್ರೆ ಚೀಟಿಗಳನ್ನು ಕೈಯಲ್ಲಿ ಇಟ್ಟುಕೊಂಡಿರಿ. ಎತ್ತರ ಕಮ್ಮಿಯಾಗಿದೆಯಾ ಅಂತಲೂ ಕೇಳಿದರು. ಸೀರೆ ಈಗೀಗ ನೆಲಕ್ಕೆ ಜಾಸ್ತಿ ಎಳೆಯುತ್ತದೆ ಅಂದರು ಅಮ್ಮ.

ಆಮೇಲೆ ಡಾಕ್ಟರು ಅಮ್ಮನ ಹಿಂದೆ ನಿಂತು, ಮುಷ್ಟಿಯ ಪಕ್ಕದಿಂದ ಬೆನ್ನುಮೂಳೆಯ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬಂದರು. ಮೇಲಿನಿಂದ ಕೆಳಕ್ಕೆ, ಒಂದೊಂದೇ ಮಣಿ. ಒಂದು ಕಡೆ ಅಮ್ಮ "ಅಯ್ಯೋ" ಅಂತ ಮುಂದಕ್ಕೆ ಬಾಗಿದರು. ಡಾಕ್ಟರ ಕೈ ಅಲ್ಲೇ ನಿಂತಿತು. ಪೆನ್ನಿನಿಂದ ಚರ್ಮದ ಮೇಲೆ ಒಂದು ಚುಕ್ಕೆ ಇಟ್ಟರು. "ಈಗ ಎಕ್ಸ್‌ರೇ ಬೇಕು" ಅಂದರು.

ಎರಡೇ ಫಿಲ್ಮ್. ಆ ಜಾಗಕ್ಕೆ ಮಾತ್ರ, ಮುಂದಿನಿಂದ ಒಂದು, ಪಕ್ಕದಿಂದ ಒಂದು. 85 ಡಾಲರ್. ಚುಕ್ಕೆ ಇಟ್ಟ ಕಡೆ ಬೆಳಕಿನ ಚೌಕವನ್ನು ಚಿಕ್ಕದು ಮಾಡಿ ನಿಲ್ಲಿಸಿದ್ದನ್ನು ನೋಡಿ ನನಗೆ ಸಮಾಧಾನ ಆಯಿತು. ಸರಿಯಾಗಿ ಕೆಲಸ ಕಲಿತವರು ಮಾಡುವುದೇ ಹಾಗೆ. ಪಕ್ಕದ ಫಿಲ್ಮ್ ಸ್ಕ್ರೀನಿಗೆ ಬಂದಾಗ ನನಗೂ ಕಂಡಿತು. ಮೇಲಿನ ಮಣಿ ಇಟ್ಟಿಗೆ ಥರ ಚೌಕ. ಕೆಳಗಿನದೂ ಚೌಕ. ನಡುವೆ ಎದೆಗೂಡಿನ ಕೊನೆಯದು, ಹನ್ನೆರಡನೆಯ ಮಣಿ. ಹಿಂದಿನ ಗೋಡೆ ನೆಟ್ಟಗಿದೆ, ಮುಂದಿನದು ಕುಸಿದು ಬಾಗಿಲಿಗೆ ಇಡುವ ಬೆಣೆ ಹಾಗೆ ಆಗಿದೆ. ಹಾಸನದಲ್ಲಿ ಇಂಥ ಫಿಲ್ಮನ್ನು ಎಷ್ಟು ಸಲ ತೆಗೆದು ಕವರಿಗೆ ಹಾಕಿ ಕೊಟ್ಟಿದ್ದೇನೆ. ಮೂಲೆಯಲ್ಲಿ ಅಮ್ಮನ ಹೆಸರು ನೋಡಿ ಕೈ ತಣ್ಣಗಾಯಿತು.

ಡಾಕ್ಟರು ಅಮ್ಮನ ಬೆನ್ನಿಗೆ ಕೈ ಹಾಕಲಿಲ್ಲ. ಮೂಳೆ ಟೊಳ್ಳಾಗಿರಬಹುದು, ಇಂಥ ಬೆನ್ನನ್ನು ಒತ್ತಿದರೆ ಇನ್ನೊಂದು ಮಣಿಯೂ ಕುಸಿಯಬಹುದು ಅಂದರು. ಎಷ್ಟು ಟೊಳ್ಳು ಅನ್ನುವುದು ಮಾಮೂಲಿ ಎಕ್ಸ್‌ರೇಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೆ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು ಅಂತ ಅಲ್ಲೇ ಕೂತು ಮೆಡಿಕಲ್ ಡಾಕ್ಟರಿಗೆ ಪತ್ರ ಬರೆದರು. ಅವತ್ತು ಎಕ್ಸ್‌ರೇ ದುಡ್ಡು ಬಿಟ್ಟು ಬೇರೆ ಏನೂ ತಗೊಳ್ಳಲಿಲ್ಲ. ಅಮ್ಮನಿಗೆ ಬೇಜಾರು. "ಅಷ್ಟು ದೂರ ಬಂದು ಒಂದ್ಸಲನೂ ಲಟಕ್ ಅನ್ಸಲಿಲ್ವಲ್ಲ" ಅಂತ ಕಾರಿನಲ್ಲಿ ಗೊಣಗಿದರು. ಮೊದಲ ಕ್ಲಿನಿಕ್ಕಿಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಮನೆ ಬರುವವರೆಗೂ ಯೋಚನೆ ಮಾಡುತ್ತಲೇ ಇದ್ದೆ. ಅಲ್ಲೂ ಎಕ್ಸ್‌ರೇ ತೆಗೆಯುತ್ತಿದ್ದರು, ನಿಜ. ಕೆಂಪು ಗೆರೆ ಎಳೆಯುವ ಮುಂಚೆ ಆ ಬೆಣೆಯನ್ನು ಯಾರಾದರೂ ನೋಡುತ್ತಿದ್ದರಾ?

ಬೆಂಗಳೂರಿನಲ್ಲೂ ಈಗ ಕೈರೋಪ್ರಾಕ್ಟಿಕ್ ಕ್ಲಿನಿಕ್ಕುಗಳು ಆಗಿವೆ, ತಂಗಿ ಕೇಳುತ್ತಿದ್ದಳು. ಇಲ್ಲಿ ಈ ಕೆಲಸಕ್ಕೆ ರಾಜ್ಯದ ಲೈಸೆನ್ಸ್ ಬೇಕು. ನಮ್ಮ ದೇಶದಲ್ಲಿ ಇದಕ್ಕೆ ಅಂತ ಕಾನೂನಿನ ಕೌನ್ಸಿಲ್ ಇಲ್ಲ. ಹಾಗಾಗಿ ಎಲ್ಲಿ ಓದಿದ್ದಾರೆ ಅಂತ ಕೇಳು, ಎಕ್ಸ್‌ರೇ ಯಾಕೆ ಅಂತ ಕೇಳು, ಮುಟ್ಟಿ ನೋಡುವ ಮೊದಲೇ ಮೆಷಿನ್ ಮುಂದೆ ನಿಲ್ಲಿಸಿದರೆ ಎದ್ದು ಬಾ ಅಂದೆ.

ಡೆಕ್ಸಾದಲ್ಲಿ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಅಂತಲೇ ಬಂತು. ಅಮ್ಮ ಔಷಧಿ ಶುರು ಮಾಡಿಕೊಂಡು ಸೆಪ್ಟೆಂಬರ್‌ನಲ್ಲಿ ಊರಿಗೆ ಹೋದರು, ಸಿ.ಡಿ. ಬ್ಯಾಗಿನಲ್ಲಿ ಇಟ್ಟುಕೊಂಡು. ಹೋದ ವಾರ ಹಾಸನದಲ್ಲಿ ಮೂಳೆ ಡಾಕ್ಟರು ಹೊಸ ಫಿಲ್ಮ್ ತೆಗೆಸಿ, ಆ ಸಿ.ಡಿ.ಯ ಪಕ್ಕದಲ್ಲಿಟ್ಟು ನೋಡಿದರಂತೆ. "ಅದೇ ಒಂದು ಮಣಿ ಅಂತೆ, ಬೇರೆದು ಕುಸಿದಿಲ್ವಂತೆ. ಸೂಟ್‌ಕೇಸ್ ಮಾತ್ರ ಎತ್ಬೇಡಿ ಅಂದ್ರು" ಅಂತ ಅಮ್ಮ ಫೋನ್ ಮಾಡಿದ್ದರು.